ಮಿರಗದ ಹುಳು ಮತ್ತು ಸಮೀಪದ ನೋಟ: ಗುರುಗುಂಟಾ ಸೀಮೆಯನ್ನು ಅನುಲಕ್ಷಿಸಿ

ಲಿಂಗಸುಗೂರು ತಾಲ್ಲೂಕಿನ ಗುರುಗುಂಟಾ ನಿಜಾಮರ ಆಳ್ವಿಕೆಯಲ್ಲಿ ಕಪ್ಪ ಸಲ್ಲಿಸುತ್ತಿದ್ದ ಸಂಸ್ಥಾನ. ಈ ಸೀಮೆಯ ಚರಿತ್ರೆಯನ್ನು ನಾಯಕ ಮನೆತನ ಮತ್ತು ಅಮರೇಶ್ವರ ಕ್ಷೇತ್ರದ ನೆಲೆಯಿಂದ ನೋಡುವುದೇ ರೂಢಿ. ಎರೆಭೂಮಿಯ ಹುಳು, ಮಿಡತೆ, ಜೇಡಗಳು ಚರಿತ್ರೆಯ ಅಂಚಿನಲ್ಲಿಯೂ ಸುಳಿದಿಲ್ಲ.

ಕ್ಯಾಮೆರಾದ ಆರಂಭದ ದೃಷ್ಟಿಯೂ ಇದಕ್ಕಿಂತ ಭಿನ್ನವಾಗಿರಲಿಲ್ಲ. 19ನೆಯ ಶತಮಾನದ ಕೊನೆಯಲ್ಲಿ ಹೈದರಾಬಾದಿನ ಆರನೆಯ ನಿಜಾಮರ ಆಸ್ಥಾನ ಛಾಯಾಗ್ರಾಹಕರಾಗಿದ್ದ ರಾಜಾ ದೀನ್ ದಯಾಳ್ ಅವರ ಚಿತ್ರಗಳಲ್ಲಿ ದರ್ಬಾರು, ಅರಮನೆ, ಬೇಟೆಗಳೇ ಪ್ರಧಾನ. ಕಿರುಜೀವಿ ಬರವಣಿಗೆಗೆ ವಿಷಯವಾದುದು ಪಿಡುಗಾದಾಗ ಮಾತ್ರ. 1911ರಲ್ಲಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಜೋಳದ ಮಿಡತೆಯನ್ನು ಕುರಿತು ಬರೆದರು. ಹಾರಲಾರದ ಆ ದಖನ್ ಮಿಡತೆಯ ಕುಲಕ್ಕೆ 'ಕೋಲ್ಮೇನಿಯಾ' ಎಂದು ಅವರ ಹೆಸರೇ ಬಂದಿದೆ. ಅದು ತಿಂದುದು ಒಕ್ಕಲಿಗನ ಜೋಳವನ್ನು, ಶಾಸ್ತ್ರದಲ್ಲಿ ಉಳಿದುದು ಅಧಿಕಾರಿಯ ಹೆಸರು!

ಜನಪದದ ನಾಮಕರಣದ ಕ್ರಮವೇ ಬೇರೆ. ಜೂನ್ 7–8ರ ಸುಮಾರಿಗೆ ಮೃಗಶಿರಾ ಮಳೆ ಕೂಡುತ್ತದೆ; ಅದು ಉತ್ತರ ಕರ್ನಾಟಕದವರ ಬಾಯಲ್ಲಿ 'ಮಿರಗ'. ಆ ಮಳೆಗೆ ನೆಲದಿಂದ ಮೇಲೇಳುವ, ಮಖಮಲ್ಲಿನಂತಹ ಕೆಂಪು ಜೀವಿ 'ಮಿರಗದ ಹುಳು'. ನೆರೆಯ ತೆಲುಗಿನಲ್ಲಿ ಇದೇ 'ಆರುದ್ರ ಪುರುಗು'. ಎಂದರೆ ಮುಂದಿನ ಆರಿದ್ರಾ ಮಳೆಯ ಹುಳು. ಉರ್ದುವಿನಲ್ಲಿ 'ಬೀರ್ ಬಹೂಟಿ'. ಯುನಾನಿ ವೈದ್ಯದ ಔಷಧದ್ರವ್ಯಗಳಲ್ಲಿಯೂ ಸೇರಿದೆ. ಮೂರು ಭಾಷೆಗಳು ಕೂಡಿ ಬಾಳಿದ ರಾಯಚೂರು ಸೀಮೆಯ ಅಧ್ಯಯನಕ್ಕೆ ಈ ಹೆಸರುಗಳು ಶಾಸನದಷ್ಟೇ ಮುಖ್ಯವಾದ ಆಕರಗಳು. ಎರಡು ಹೆಸರುಗಳು ಬಣ್ಣವನ್ನಲ್ಲ, ಬಿತ್ತನೆಯ ಪಂಚಾಂಗವನ್ನು ಹೇಳುತ್ತವೆ.

ಮ್ಯಾಕ್ರೊ ಛಾಯಾಗ್ರಹಣ ಈ ಅರಿವಿಗೆ ಇನ್ನೊಂದು ಮಗ್ಗುಲನ್ನು ಸೇರಿಸಿತು. ವಸ್ತುವಿನ ಬಿಂಬ ಅದರ ನಿಜವಾದ ಗಾತ್ರದಷ್ಟೇ ಮೂಡುವಷ್ಟು ಮಸೂರ ಸಮೀಪಿಸಿದಾಗ ಸ್ಫುಟವಾಗಿ ಕಾಣುವ ಆಳ ಒಂದೆರಡು ಮಿಲಿಮೀಟರ್ ಮಾತ್ರ. ಕಣ್ಣು ಸ್ಫುಟವಾದರೆ ಬೆನ್ನು ಮಸುಕು. ಅಂತಹ ಚಿತ್ರದಲ್ಲಿ ಮಿರಗದ ಹುಳುವಿನ ಎಂಟು ಕಾಲುಗಳನ್ನು ಎಣಿಸಬಹುದು: ಅದು ಕೀಟವಲ್ಲ, ಜೇಡನ ಬಳಗದ ನುಸಿ. ಇದರ ಮರಿಗೆ ಆರೇ ಕಾಲು. ಈ ಕುಟುಂಬದ ಮರಿಗಳು ಕೀಟಗಳ ಮೈಗೆ ಅಂಟಿ ಬದುಕುತ್ತವೆ. ಜನಪದರ 'ಹುಳು' ಎಂಬ ಮಾತು ಇದರಿಂದ ಸುಳ್ಳಾಗದು. ಅದು ಕಾಲೆಣಿಸುವ ವರ್ಗೀಕರಣವೇ ಅಲ್ಲ.

ಈ ಎರಡು ಅರಿವುಗಳ ಭೇಟಿಯನ್ನು ಕನ್ನಡದಲ್ಲಿ ಸಮರ್ಥವಾಗಿ ಚಿತ್ರಿಸಿದವರು ಸ್ವತಃ ಛಾಯಾಗ್ರಾಹಕರಾಗಿದ್ದ ಪೂರ್ಣಚಂದ್ರ ತೇಜಸ್ವಿ (1938–2007). ಅವರ 'ಕರ್ವಾಲೊ' (1980) ಕಾದಂಬರಿಯಲ್ಲಿ ವಿಜ್ಞಾನಿ ಹಳ್ಳಿಗನಾದ ಮಂದಣ್ಣನ ಕಣ್ಣನ್ನು ನಂಬುತ್ತಾನೆ. ಚಿತ್ರದ ಅಡಿಯಲ್ಲಿ ಲ್ಯಾಟಿನ್ ಹೆಸರನ್ನಷ್ಟೇ ಬರೆದು ನಿಲ್ಲಿಸುವ ಪದ್ಧತಿಯಲ್ಲಿ ಇಂತಹ ಮಂದಣ್ಣನಿಗೆ ಎಡೆಯಿಲ್ಲ. ಊರು, ಮಣ್ಣು, ಬಿದ್ದ ಮಳೆ, ಒಕ್ಕಲಿಗರು ಕರೆದ ಹೆಸರು ಇವು ಚಿತ್ರದೊಡನೆಯೇ ದಾಖಲಾಗಬೇಕು. ವರ್ಷದ ಬಹುಪಾಲು ನೆಲದೊಳಗೇ ಇರುವ ಮಿರಗದ ಹುಳು ಮೇಲೆ ಕಾಣುವುದು ಮೊದಲ ಮಳೆಗಳ ನಂತರದ ಕೆಲವೇ ದಿನ. ಕ್ಷೇತ್ರಕಾರ್ಯಕ್ಕೆ ದೊರೆಯುವ ಅವಧಿಯೂ ಅಷ್ಟೇ.