ಗುರುಗ್ರಹದ ಮಿಂಚು

ಗುರುಗ್ರಹದ ಮೋಡಗಳಲ್ಲಿ ಉಂಟಾಗುವ ವಿದ್ಯುತ್ ವಿಸರ್ಜನೆ. ಭೂಮಿಯಾಚೆ ಮಿಂಚಿದೆಯೆಂಬುದು ಮೊದಲು ಖಚಿತವಾದದ್ದು ಇಲ್ಲಿಯೇ. 1979ರ ಮಾರ್ಚ್‌ನಲ್ಲಿ ಗ್ರಹದ ಬಳಿ ಹಾದುಹೋದ ವಾಯೇಜರ್ 1 ನೌಕೆಯ ಕ್ಯಾಮೆರಾ ಇರುಳು ಬದಿಯ ಮೋಡಗಳಲ್ಲಿ ಬೆಳಕಿನ ಮಚ್ಚೆಗಳನ್ನು ಕಂಡಿತು. ಬರೀ ಚಿತ್ರವಾಗಿದ್ದರೆ ಸಂದೇಹ ಉಳಿಯುತ್ತಿತ್ತು. ಉರಿಯುವ ಉಲ್ಕೆಯೂ ಅಂಥದೇ ಮಚ್ಚೆ ಮೂಡಿಸೀತು. ಸಂದೇಹ ನೀಗಿಸಿದ್ದು ಅದೇ ನೌಕೆಯ ಪ್ಲಾಸ್ಮಾ ತರಂಗ ಉಪಕರಣ. ಅಯೋವಾ ವಿಶ್ವವಿದ್ಯಾಲಯದ ಡೊನಾಲ್ಡ್ ಗರ್ನೆಟ್ ಮತ್ತು ಸಂಗಡಿಗರು ಅದರ ದಾಖಲೆಯಲ್ಲಿ 'ವಿಸ್ಲರ್', ಅಂದರೆ ಸಿಳ್ಳೆ ಅಲೆಗಳನ್ನು ಗುರುತಿಸಿದರು.

ಮಿಂಚು ಹೊಡೆದಾಗ ರೇಡಿಯೋ ಅಲೆಗಳೂ ಹೊಮ್ಮುತ್ತವೆ. ಗುಡುಗಿನ ಸಂಜೆ ರೇಡಿಯೋ ಹಚ್ಚಿದರೆ ಹಾಡಿನ ನಡುವೆ ಕೇಳುವ ಚರಚರ ಸದ್ದು ಇದರದೇ. ಕಡಿಮೆ ಆವರ್ತನದ ಕೆಲವು ಅಲೆಗಳು ಗ್ರಹದ ಕಾಂತರೇಖೆಗಳ ಗುಂಟ ಬಾಹ್ಯಾಕಾಶಕ್ಕೆ ಏರುತ್ತವೆ. ದಾರಿಯ ಪ್ಲಾಸ್ಮಾದಲ್ಲಿ ಹೆಚ್ಚು ಆವರ್ತನದವು ಬೇಗ ಸಾಗುತ್ತವೆ, ಕಡಿಮೆಯವು ಹಿಂದೆ ಬೀಳುತ್ತವೆ. ಕ್ಷಣಮಾತ್ರದ ಸಿಡಿತ ಧ್ವನಿವರ್ಧಕದಲ್ಲಿ ತಾರದಿಂದ ಮಂದ್ರಕ್ಕೆ ಜಾರುವ ಸಿಳ್ಳೆಯಾಗುವುದು ಹೀಗೆ. ಮೊದಲನೆಯ ಮಹಾಯುದ್ಧದಲ್ಲಿ ಶತ್ರುಪಾಳಯದ ದೂರವಾಣಿ ಮಾತು ಕದ್ದಾಲಿಸುತ್ತಿದ್ದ ಜರ್ಮನ್ ವಿಜ್ಞಾನಿ ಹೈನ್ರಿಚ್ ಬಾರ್ಕ್‌ಹೌಸೆನ್ ಕಿವಿಗೆ ಬಿದ್ದದ್ದೂ ಇದೇ ಸದ್ದು. ಆ ಸಿಳ್ಳೆ ಮಾತ್ರ ನಮ್ಮದೇ ಭೂಮಿಯ ಮಿಂಚಿನದು.

ಗೆಲಿಲಿಯೋ, ಕ್ಯಾಸಿನಿ, ನ್ಯೂ ಹೊರೈಜನ್ಸ್ ನೌಕೆಗಳೂ ಮಿಂಚಿನ ಚಿತ್ರ ತೆಗೆದವು. ಆದರೆ ಭೂಮಿಯ ಮಿಂಚಿನಲ್ಲಿರುವ ಮೆಗಾಹರ್ಟ್ಸ್ ಮಟ್ಟದ ಅಲೆಗಳು ಮಾತ್ರ ಸಿಗದ್ದರಿಂದ, ಗುರುವಿನ ಮಿಂಚಿನ ಜಾತಿಯೇ ಬೇರೆ ಎಂಬ ಅನುಮಾನವಿತ್ತು. 2016ರಲ್ಲಿ ಗ್ರಹವನ್ನು ಸುತ್ತತೊಡಗಿದ ಜೂನೋ ನೌಕೆ ತೀರಾ ಹತ್ತಿರ ಹೋಗಿ ಇದನ್ನು ಬಗೆಹರಿಸಿತು: ಮೊದಲ ಎಂಟು ಸಮೀಪ ಹಾಯುವಿಕೆಗಳಲ್ಲಿ 600 ಮೆಗಾಹರ್ಟ್ಸ್‌ನಲ್ಲಿ 377 ಮಿಂಚಿನ ಸಂಕೇತಗಳು ದೊರೆತವು.

ಹಂಚಿಕೆಯಲ್ಲಿ ಮಾತ್ರ ಎರಡೂ ಗ್ರಹಗಳು ತಲೆಕೆಳಗು. ಭೂಮಿಯ ಮಿಂಚು ಉಷ್ಣವಲಯದಲ್ಲಿ ಹೆಚ್ಚು. ಗುರುವಿನದು ಧ್ರುವಗಳ ಕಡೆಗೆ ಹೆಚ್ಚು, ಸಮಭಾಜಕದ ಬಳಿ ಇಲ್ಲವೇ ಇಲ್ಲವೆನ್ನಬಹುದು. ಸಮಭಾಜಕದಲ್ಲಿ ಬೀಳುವ ಅಷ್ಟಿಷ್ಟು ಬಿಸಿಲು ಮೇಲಿನ ವಾತಾವರಣವನ್ನು ಬೆಚ್ಚಗಿಟ್ಟು ಕೆಳಗಿನ ಅನಿಲ ಏರದಂತೆ ತಡೆಯುತ್ತದೆ, ಧ್ರುವಗಳಲ್ಲಿ ಆ ತಡೆಯಿಲ್ಲ ಎಂಬುದು ಜೂನೋ ತಂಡದ ವಿವರಣೆ.

ಮಿಂಚು ಹುಟ್ಟಲು ದ್ರವನೀರು ಬೇಕು, ಆದ್ದರಿಂದ ಅದು ಆಳದ ನೀರಿನ ಮೋಡಗಳದೇ ಎಂದು ನಂಬಲಾಗಿತ್ತು. 2020ರಲ್ಲಿ ಆ ಮೋಡಗಳಿಗಿಂತ ಸುಮಾರು 25 ಕಿ.ಮೀ. ಮೇಲೆ, ನೀರು ಹೆಪ್ಪುಗಟ್ಟುವ ಎತ್ತರದಲ್ಲೂ ಸಣ್ಣ ಮಿಂಚುಗಳಿರುವುದು ವರದಿಯಾಯಿತು. ಅಲ್ಲಿ ಅಮೋನಿಯಾ ಮಂಜುಗಡ್ಡೆಯನ್ನು ಕರಗಿಸಿ ದ್ರವಹನಿ ಮಾಡುತ್ತದೆಂದು ಊಹೆ. ಈ ಮಿಂಚುಗಳನ್ನು ಕಂಡ ಕ್ಯಾಮೆರಾವನ್ನು ಜೂನೋಗೆ ಅಳವಡಿಸಿದ್ದು ನಕ್ಷತ್ರ ನೋಡಿ ದಿಕ್ಕು ಹಿಡಿಯಲು.