ಕಲಾಂಗ್ ಬಯಲಿನ ಗರ್ಜನೆ: ಎನ್. ಗಣೇಶನ್ ಅವರ ಸ್ಮರಣೆ

2015ನೆಯ ಇಸವಿಯು ಸಿಂಗಪುರದವರಿಗೆ ಸ್ಮರಣೆಯ ವರುಷವಾಗಿ ಪರಿಣಮಿಸಿತು. ಮಾರ್ಚ್ ತಿಂಗಳಲ್ಲಿ ಆ ದ್ವೀಪರಾಷ್ಟ್ರದ ಮೊದಲ ಪ್ರಧಾನಿ ಲೀ ಕ್ವಾನ್ ಯೂ ತೀರಿಕೊಂಡರು. ಆಗಸ್ಟ್ ತಿಂಗಳಲ್ಲಿ ಸ್ವಾತಂತ್ರ್ಯದ ಐವತ್ತನೆಯ ವರ್ಷದ ಉತ್ಸವ ನಡೆಯಿತು. ಇವೆರಡರ ನಡುವೆ, ಜುಲೈ ತಿಂಗಳಲ್ಲಿ, ಎಂಬತ್ತು ದಾಟಿದ ಒಬ್ಬ ವಕೀಲರು ಕಾಲವಾದ ಸುದ್ದಿ ಬಂದಾಗ, ನಡುವಯಸ್ಸು ಮೀರಿದ ಚೀನಿಯರು, ಮಲಯರು, ತಮಿಳರು, ಸಿಖ್ಖರು ಎಲ್ಲರೂ ತಮ್ಮ ಯೌವನದ ಒಂದು ಭಾಗವೇ ಕಳಚಿಬಿದ್ದಂತೆ ಮರುಗಿದರು. ಆ ವಕೀಲರ ಹೆಸರು ಎನ್. ಗಣೇಶನ್. ಎಪ್ಪತ್ತರ ದಶಕದಲ್ಲಿ ಸಿಂಗಪುರದ ಕಾಲ್ಚೆಂಡಾಟದ ಸಂಸ್ಥೆಗೆ ಅಧ್ಯಕ್ಷರಾಗಿದ್ದು, ಹನ್ನೆರಡು ವರುಷಗಳ ಕಾಲ ಊರಿಗೆ ಬಾರದಿದ್ದ ಮಲೇಷಿಯಾ ಕಪ್ಪನ್ನು ಮರಳಿ ತಂದ ಕಾಲದ ಮುಂದಾಳು ಅವರು.

ಶಾಸನದ ಕಣ್ಣಿನಲ್ಲಿ ಅವರು ಯಾವ ತಂಡದ ಒಡೆಯರೂ ಆಗಿರಲಿಲ್ಲವೆಂಬುದನ್ನು ಮೊದಲೇ ಹೇಳಿಬಿಡಬೇಕು. ಇಂಗ್ಲೆಂಡಿನ ಲೆಸ್ಟರ್ ನಗರದ ತಂಡವನ್ನು 2010ರಲ್ಲಿ ಕೊಂಡು, 2016ರಲ್ಲಿ ಅದು ಆ ದೇಶದ ಅತ್ಯುನ್ನತ ಲೀಗಿನ ಪ್ರಶಸ್ತಿಯನ್ನು ಗೆಲ್ಲುವುದನ್ನು ಕಣ್ಣಾರೆ ಕಂಡು, 2018ರ ಅಕ್ಟೋಬರ್ ತಿಂಗಳಲ್ಲಿ ಅದೇ ಕ್ರೀಡಾಂಗಣದ ಮಗ್ಗುಲಲ್ಲಿ ಹೆಲಿಕಾಪ್ಟರ್ ಉರುಳಿ ಮಡಿದ ಥಾಯ್ ವರ್ತಕ ವಿಚೈ ಶ್ರೀವಧನಪ್ರಭ ಅವರು ನಿಜವಾದ ಅರ್ಥದಲ್ಲಿ ಒಡೆಯರು. ಅವರ ಅಗಲಿಕೆಗಾಗಿ ಆ ಊರಿನ ಜನ ಕ್ರೀಡಾಂಗಣದ ಮುಂದೆ ರಾಶಿರಾಶಿಯಾಗಿ ಹೂವನ್ನೂ ಕಂಠವಸ್ತ್ರಗಳನ್ನೂ ತಂದಿರಿಸಿದ್ದನ್ನು ಲೋಕವೆಲ್ಲ ನೋಡಿತು. ಅಂಥ ಸಂಪತ್ತಾಗಲಿ ಹಕ್ಕುಪತ್ರವಾಗಲಿ ಗಣೇಶನ್ ಅವರಲ್ಲಿ ಇರಲಿಲ್ಲ. ಆದರೆ ಸೋಲಿನ ದಿನ ದೂರನ್ನು ತನ್ನ ಮೇಲೆ ಹೊತ್ತುಕೊಳ್ಳುವವನೇ ತಂಡದ ಯಜಮಾನನೆಂದು ಒಪ್ಪುವುದಾದರೆ, ಆ ವರುಷಗಳಲ್ಲಿ ಸಿಂಗಪುರದ ತಂಡಕ್ಕೆ ಅವರಲ್ಲದೆ ಬೇರೊಬ್ಬ ಯಜಮಾನನಿರಲಿಲ್ಲವೆಂದೇ ನನ್ನ ಭಾವನೆ.

ಅವರ ಕೆಲಸದ ಹಿರಿಮೆ ತಿಳಿಯಬೇಕಾದರೆ ಆ ಕಪ್ಪಿನ ಪೂರ್ವಕಥೆಯನ್ನು ಸ್ವಲ್ಪ ಹಿಂದಿನಿಂದ ಹೇಳಬೇಕಾಗುವುದು. ಮಲಯ ದೇಶದ ಸಂಯುಕ್ತ ಸಂಸ್ಥಾನಗಳು ತಮ್ಮ ಬೊಕ್ಕಸದ ಹಣದಿಂದ ಬ್ರಿಟಿಷ್ ನೌಕಾದಳಕ್ಕೆ ಒಂದು ಮಹಾನೌಕೆಯನ್ನು ಕಾಣಿಕೆಯಾಗಿ ಕಟ್ಟಿಸಿಕೊಟ್ಟಿದ್ದುವು. ‘ಮಲಯ’ ಎಂದೇ ನಾಮಕರಣಗೊಂಡ ಆ ನೌಕೆ 1916ರ ಜಟ್ಲಂಡ್ ಕದನದಲ್ಲಿ ಹೋರಾಡಿ ಗಾಯಗೊಂಡು ಉಳಿದುಬಂದಿತ್ತು. 1921ರ ಮೊದಲ ತಿಂಗಳುಗಳಲ್ಲಿ ಅದು ತನ್ನ ದಾನಿಗಳ ನಾಡನ್ನು ನೋಡಲೆಂದು ಬಂದು, ಸಿಂಗಪುರವೇ ಮೊದಲಾದ ರೇವುಗಳಲ್ಲಿ ತಂಗಿದಾಗ, ನಾವಿಕರು ಸ್ಥಳೀಯರೊಡನೆ ಕಾಲ್ಚೆಂಡು, ರಗ್ಬಿ ಮುಂತಾದ ಆಟಗಳನ್ನಾಡಿ, ಉಂಡ ಆತಿಥ್ಯಕ್ಕೆ ಕೃತಜ್ಞತೆಯಾಗಿ ಎರಡು ಕಪ್ಪುಗಳನ್ನು ಕೊಟ್ಟುಹೋದರು. ಅವುಗಳಲ್ಲಿ ಕಾಲ್ಚೆಂಡಾಟಕ್ಕೆ ಸಂದದ್ದೇ ಮುಂದೆ ಮಲೇಷಿಯಾ ಕಪ್ ಎಂದು ಹೆಸರಾದ ಮಲಯ ಕಪ್. ಅದೇ ವರುಷದ ಅಕ್ಟೋಬರಿನಲ್ಲಿ ಕ್ವಾಲಾಲಂಪುರದ ಬಯಲಿನಲ್ಲಿ ನಡೆದ ಮೊದಲ ಅಂತಿಮ ಪಂದ್ಯದಲ್ಲಿ ಸಿಂಗಪುರವು ಸೆಲಂಗೋರ್ ತಂಡವನ್ನು 2-1ರಿಂದ ಸೋಲಿಸಿತು. ಮುಂದಿನ ಅರ್ಧ ಶತಮಾನದುದ್ದಕ್ಕೂ ಸಿಂಗಪುರ, ಸೆಲಂಗೋರ್ ಇವೆರಡರ ಹಗೆತನವೇ ಆ ಪಂದ್ಯಾವಳಿಯ ಜೀವನಾಡಿಯಾಗಿ ಉಳಿಯಿತು.

ಸಿಂಗಪುರದವರ ಆಟದ ಮನೆ ಆಗ ಜಲಾನ್ ಬೆಸಾರ್ ಎಂಬ ಬೀದಿಯ ಕ್ರೀಡಾಂಗಣವಾಗಿತ್ತು. 1929ರ ಡಿಸೆಂಬರಿನಲ್ಲಿ ತೆರೆದ ಈ ಬಯಲು ದೊಡ್ಡದಲ್ಲ. ಮಳೆ ಬಿದ್ದಿತೆಂದರೆ ಕೆಸರಾಗುತ್ತಿದ್ದ, ಆಟಗಾರನ ಬೆವರು ನೋಡುವವನ ಮೂಗಿಗೆ ತಟ್ಟುವಷ್ಟು ಹತ್ತಿರದ ಬಯಲದು. 1942ರ ಫೆಬ್ರವರಿಯಲ್ಲಿ ದ್ವೀಪವು ಜಪಾನೀಯರ ವಶವಾದಾಗ ಚೀನೀ ಗಂಡಸರನ್ನು ಸಾಲುಗಟ್ಟಿಸಿ ನಿಲ್ಲಿಸಿ, ಬದುಕತಕ್ಕವರು ಯಾರು ಸಾಯತಕ್ಕವರು ಯಾರು ಎಂದು ವಿಂಗಡಿಸಿದ ಸ್ಥಳಗಳಲ್ಲಿ ಅದೂ ಒಂದು. ಯುದ್ಧ ಮುಗಿದ ಮೇಲೆ ಅದೇ ನೆಲದಲ್ಲಿ ಮತ್ತೆ ಚೆಂಡು ಉರುಳಿತು. ಅದೇ ಜನರ ಮಕ್ಕಳು ಅಲ್ಲಿಯೇ ಕುಳಿತು ಕೂಗಿದರು.

1965ರಲ್ಲಿ ಸಿಂಗಪುರವು ಕಪ್ಪನ್ನು ಗೆದ್ದಿತು. ಅದೇ ವರುಷದ ಆಗಸ್ಟ್ 9ರಂದು ಮಲೇಷಿಯಾದಿಂದ ಬೇರ್ಪಟ್ಟು ಸ್ವತಂತ್ರ ರಾಷ್ಟ್ರವೂ ಆಯಿತು. ರಾಜಕೀಯದಲ್ಲಿ ಒಡೆದ ಮನೆ ಆಟದಲ್ಲಿ ಪೂರ್ತಿ ಒಡೆಯಲಿಲ್ಲ. ಪರದೇಶವಾದ ಮೇಲೂ ಈ ಪುಟ್ಟ ದ್ವೀಪದ ತಂಡವು ನೆರೆದೇಶದ ಸಂಸ್ಥಾನಗಳ ನಡುವೆ ಒಂದಾಗಿ ಸ್ಪರ್ಧೆಗಿಳಿಯುತ್ತ ಬಂದಿತು. ಕಪ್ ಮಾತ್ರ ಎರಡು ದೇಶಗಳನ್ನು ಕೂಡಿಸುವ ಸೇತುವೆಯ ಈಚೆಗೆ ಬಹುಕಾಲ ಮತ್ತೆ ಬರಲಿಲ್ಲ. ಇದೇ ಕಾಲದಲ್ಲಿ ದ್ವೀಪದ ಬಾಳ್ವೆಯೂ ಬುಡಮೇಲಾಗುತ್ತಿತ್ತು. ಕಂಪಾಂಗ್ ಎಂದು ಕರೆಯುವ, ತೆಂಗಿನ ತೋಪಿನ ನಡುವಿನ ಹಳ್ಳಿಗಳನ್ನು ತೆರವು ಮಾಡಿ ಜನರನ್ನು ಸರಕಾರದ ಬಹುಮಹಡಿ ವಸತಿಗಳಿಗೆ ಸಾಗಿಸಲಾಗುತ್ತಿತ್ತು. ಶುಚಿಯಾದ ನೀರೂ ವಿದ್ಯುದ್ದೀಪವೂ ದೊರೆತವು, ಮುಚ್ಚುಮರೆಯಿಲ್ಲದೆ ಹೇಳುವುದಾದರೆ ಬಾಳು ಸುಧಾರಿಸಿತು. ಆದರೆ ಅಂಗಳದಿಂದಂಗಳಕ್ಕೆ ಮಾತು ಹಾಯುತ್ತಿದ್ದ ನೆರೆಹೊರೆ ಚೆದರಿತು. ಇಪ್ಪತ್ತು ಲಕ್ಷದಷ್ಟಿದ್ದ ಈ ಜನಸ್ತೋಮ ನಾಲ್ಕು ಭಾಷೆಗಳಲ್ಲಿ ಓದುತ್ತ, ಹಲವು ದೇವರುಗಳಿಗೆ ಕೈಮುಗಿಯುತ್ತ, ತಾವೆಲ್ಲ ಒಂದು ಎನ್ನುವ ಮಾತನ್ನು ಪಠ್ಯಪುಸ್ತಕಗಳಿಂದ ಕಲಿಯುತ್ತಿತ್ತು. ಅದನ್ನು ಕಂಠದಿಂದ ಕಲಿಯುವ ಒಂದು ಸ್ಥಳ ಬೇಕಾಗಿತ್ತು.

ಅಂಥ ಸ್ಥಳ ಕಲಾಂಗ್ ನದಿಯ ಮುಖದಲ್ಲಿ ಆಗಲೇ ತಲೆಯೆತ್ತಿತ್ತು. ಹಿಂದೆ ಕಡಲಜನರು ದೋಣಿಗಳಲ್ಲೇ ಬಾಳಿದ್ದ, ಬಳಿಕ ನಗರದ ವಿಮಾನನಿಲ್ದಾಣಕ್ಕೂ ನೆಲೆಯಾಗಿದ್ದ ಆ ತೀರದಲ್ಲಿ, ಸರಕಾರ ನಡೆಸಿದ ಲಾಟರಿಯ ಹಣವೂ ಸೇರಿ ಕಟ್ಟಿದ ರಾಷ್ಟ್ರೀಯ ಕ್ರೀಡಾಂಗಣ 1973ರ ಜುಲೈಯಲ್ಲಿ ತೆರೆಯಿತು. ಐವತ್ತೈದು ಸಾವಿರ ಮಂದಿ ಕೂರಬಹುದಾದ ಬಟ್ಟಲಿನಾಕಾರದ ಕಟ್ಟಡ. ಜಲಾನ್ ಬೆಸಾರಿನ ಇಕ್ಕಟ್ಟಿನಲ್ಲಿ ಪಳಗಿದ್ದ ಆಟವನ್ನು ಇಷ್ಟು ವಿಶಾಲವಾದ ಬಯಲಿಗೆ ತಂದರೆ ಅರ್ಧ ಖಾಲಿಯಾಗಿ ಉಳಿದು ನಗೆಗೀಡಾಗುವುದೋ ಎಂಬ ಅಂಜಿಕೆ ಸಹಜವಾದದ್ದು. ಮಲೇಷಿಯಾ ಕಪ್ಪಿನ ಪಂದ್ಯಗಳನ್ನು ಅಲ್ಲಿಗೇ ಸಾಗಿಸಬೇಕೆಂದು ಹಟ ಹಿಡಿದು, ಹಿಡಿದ ಹಟವನ್ನು ನೆರವೇರಿಸಿದ ಕೀರ್ತಿಯನ್ನು ಸಿಂಗಪುರದವರು ಗಣೇಶನ್ ಅವರಿಗೇ ಸಲ್ಲಿಸುತ್ತಾರೆ. ಜನ ಬಂದೇ ಬರುವರೆಂಬ ನಂಬಿಕೆಯಲ್ಲದೆ ಆ ಹಟದ ಬೆನ್ನಿಗೆ ಬೇರೆ ಆಸರೆಯಿರಲಿಲ್ಲ.

ಜನ ಬಂದರು. ಎಪ್ಪತ್ತರ ದಶಕದ ಆ ಸಂಜೆಗಳನ್ನು ನೆನೆಯುವ ಹಿರಿಯರ ಮಾತನ್ನು ಕೇಳಬೇಕು: ಕಾರ್ಖಾನೆಯ ಪಾಳಿ ಮುಗಿಸಿ ಬಂದವರು, ಶಾಲೆಯ ಸಮವಸ್ತ್ರದಲ್ಲೇ ಓಡಿಬಂದ ಹುಡುಗರು, ಬಂದರಿನ ಕೂಲಿಗಳು, ಬ್ಯಾಂಕಿನ ಗುಮಾಸ್ತರು ಒಂದೇ ಸಾಲಿನಲ್ಲಿ ನಿಂತು ಟಿಕೀಟು ಕೊಂಡು, ಬಾಗಿಲ ಬಳಿ ಕಡಲೆ ಬಟಾಣಿಗಳನ್ನು ಕಾಗದದ ಪೊಟ್ಟಣದಲ್ಲಿ ಸುತ್ತಿಕೊಡುತ್ತಿದ್ದ ಕಚಾಂಗ್ ಪುತಿ ವ್ಯಾಪಾರಿಯನ್ನು ಮುತ್ತಿ, ಆಮೇಲೆ ಸಿಕ್ಕಿದ ಮೆಟ್ಟಿಲಿನಲ್ಲಿ ತೊಡೆಗೆ ತೊಡೆ ತಾಗಿಸಿ ಕೂರುತ್ತಿದ್ದರಂತೆ. ತೀರ್ಪುಗಾರ ತಪ್ಪಿದನೆಂದು ತೋರಿದರೆ ‘ರೆಫರೀ ಕಾಯು’ ಎಂಬ ಮಲಯ ಬೈಗುಳ ಚೀನೀ ಗಂಟಲಿನಿಂದಲೂ ತಮಿಳು ಗಂಟಲಿನಿಂದಲೂ ಸಮನಾಗಿ ಹೊಮ್ಮುತ್ತಿತ್ತು. ಚೆಂಡು ಎದುರಾಳಿಯ ಗೋಲಿನತ್ತ ಹೊರಳಿದೊಡನೆ ಐವತ್ತು ಸಾವಿರ ಜನರ ಕಾಲುಗಳ ಬಡಿತ, ಕಂಠಗಳ ಮೊರೆತ ಒಂದಾಗಿ ಎದ್ದು, ನೀರಿನಾಚೆಗಿನ ಮನೆಗಳಿಗೂ ಕೇಳಿಸುವಂತೆ ಉರುಳುತ್ತಿತ್ತು. ಅದಕ್ಕೆ ‘ಕಲಾಂಗ್ ಗರ್ಜನೆ’ ಎಂದೇ ಹೆಸರಾಯಿತು. ಪರಊರಿನ ತಂಡಗಳು ಆಟಗಾರರಿಗಿಂತ ಅದಕ್ಕೇ ಹೆಚ್ಚು ಅಂಜುತ್ತಿದ್ದುವೆಂದರೆ ಉತ್ಪ್ರೇಕ್ಷೆಯಾಗದು. ಒಬ್ಬ ವಕೀಲನ ಹಟದಿಂದ ಒಂದು ಜನಾಂಗಕ್ಕೆ ಒಂದು ಧ್ವನಿ ದೊರೆಯಿತೆಂದು ನಾನು ಹೇಳುವುದು ಈ ಅರ್ಥದಲ್ಲಿ.

ಆ ಧ್ವನಿಗೆ ತಕ್ಕ ತಂಡವೂ ಇತ್ತು. ರಕ್ಷಣೆಗೆ ನಾಯಕ ಸಮದ್ ಅಲ್ಲಾಪಿಚ್ಚೈ. ಸೊಂಟವನ್ನು ತೂಗಿಸಿ ಎದುರಾಳಿಯನ್ನು ಮರುಳುಮಾಡುತ್ತಿದ್ದ ದೊಲ್ಲಾ ಕಾಸಿಂ. ಚೆಂಡನ್ನು ಗಾಳಿಯಲ್ಲಿ ಬಾಗಿಸಿ ಹೊಡೆಯುವುದರಲ್ಲಿ ಗಟ್ಟಿಗನಾದ ಎಸ್. ರಾಜಗೋಪಾಲ್, ಅಣ್ಣತಮ್ಮಂದಿರೆಲ್ಲ ಕಾಲ್ಚೆಂಡಿಗರಾದ ಮನೆಯಿಂದ ಬಂದ, ಗಾಳಿಯಂತೆ ಓಡುವ ಕ್ವಾ ಕಿಮ್ ಸಾಂಗ್. ಆದರೆ 1975ರಲ್ಲಿಯೂ 1976ರಲ್ಲಿಯೂ ಅಂತಿಮ ಪಂದ್ಯದವರೆಗೆ ನಡೆದು ಸೆಲಂಗೋರಿಗೇ ಸೋತುಬಂದರು. ಎರಡು ಸಲ ಹೊಸ್ತಿಲಲ್ಲಿ ಎಡವಿದವರನ್ನು ಒಳಗೆ ದಾಟಿಸುವುದಕ್ಕೆ ಗಣೇಶನ್ ಕರೆತಂದದ್ದು ಅರುವತ್ತು ದಾಟಿದ ಚೂ ಸೆಂಗ್ ಕ್ವೀ ಅವರನ್ನು.

ಊರೆಲ್ಲ ‘ಅಂಕಲ್ ಚೂ’ ಎಂದು ಕರೆಯುತ್ತಿದ್ದ ಈ ಹಿರಿಯರು ಯೌವನದಲ್ಲಿ ಸಿಂಗಪುರಕ್ಕಾಗಿ ಆಡಿದವರು. ಇಂಡೊನೇಷ್ಯ, ಮಲಯ, ಸಿಂಗಪುರ ಮೂರೂ ನಾಡಿನ ತಂಡಗಳಿಗೆ ಆಟ ಕಲಿಸಿದವರು. ಬೆಳಗಿನ ಓಟದಿಂದ ತೊಡಗಿ ಊಟ ನಿದ್ರೆಗಳವರೆಗೆ ಆಟಗಾರನ ದಿನಚರಿಯ ಮೇಲೆ ಕಣ್ಣಿಡುತ್ತಿದ್ದ ಕಠಿಣ ಗುರು. ನೇರ ನಾಲಗೆಯವರಾದ್ದರಿಂದ ಅಧಿಕಾರಿಗಳೊಡನೆ ಅವರ ನಂಟು ಹಲವು ಸಲ ಹರಿದುಹೋಗಿತ್ತು. ಅಂಥವರನ್ನು ಕರೆದು, ತಂಡವನ್ನು ಅವರ ಕೈಗೆ ಒಪ್ಪಿಸಿ, ಬೆನ್ನಿಗೆ ನಿಲ್ಲುವುದಕ್ಕೆ ಅಧ್ಯಕ್ಷನಾದವನಲ್ಲಿ ಅಹಂಕಾರ ಕಡಮೆಯಿರಬೇಕು, ಧೈರ್ಯ ಹೆಚ್ಚಿರಬೇಕು. ಮಧುಮೇಹದಿಂದ ಬಳಲುತ್ತಿದ್ದ ಚೂ ಅವರು ಆ ಋತುವಿನಲ್ಲಿ ಕಾಲಿನ ಗಾಯವನ್ನು ಲೆಕ್ಕಿಸದೆ ಬಯಲಿನಲ್ಲೇ ನಿಂತರು. ಗಾಯ ಕೊಳೆತು ಕೊನೆಗೆ ಕಾಲನ್ನೇ ಕತ್ತರಿಸಬೇಕಾಯಿತು. 1983ರಲ್ಲಿ ಅವರು ತೀರಿಕೊಂಡರು. ಕಾಲ ಸರಿದು 2008ರಲ್ಲಿ ಅವರ ಕಥೆಯನ್ನೂ ಆ ಗೆಲುವಿನ ಕಥೆಯನ್ನೂ ಹೇಳುವ ಚಲನಚಿತ್ರವೊಂದು ಸಿಂಗಪುರದಲ್ಲಿ ತೆರೆಗೆ ಬಂದಿತು.

1977ರ ಮೇ 28. ಕ್ವಾಲಾಲಂಪುರದ ಮೆರ್ಡೆಕಾ ಕ್ರೀಡಾಂಗಣ. ಎದುರಿಗೆ ಪೆನಾಂಗ್. ನಿಗದಿಯ ಅವಧಿಯಲ್ಲಿ ಆಟ ಸಮನಾಗಿ ಉಳಿದು ಹೆಚ್ಚುವರಿ ಸಮಯಕ್ಕೆ ಹೋಯಿತು. ಆಗ ಕ್ವಾ ಕಿಮ್ ಸಾಂಗ್ ಗೋಲು ಹೊಡೆದರು, ಸಿಂಗಪುರ 3-2ರಿಂದ ಗೆದ್ದಿತು.

ಕನ್ನಡಿಗರಾದ ನಮಗೆ ಆ ರಾತ್ರಿಯ ಹರ್ಷ ಎಂಥದಿದ್ದೀತೆಂದು ಊಹಿಸುವುದು ಕಷ್ಟವಾಗದು. ಮೂರೇ ವರುಷಗಳ ಹಿಂದೆ, 1974ರಲ್ಲಿ, ಬೆಂಗಳೂರಿನ ಬಯಲಿನಲ್ಲಿ ಪ್ರಸನ್ನ ಅವರ ಚೆಂಡಿಗೆ ಗವಾಸ್ಕರ್ ಬೌಲ್ಡ್ ಆದಾಗ, ಹದಿನೈದು ವರುಷ ಎಡೆಬಿಡದೆ ರಣಜಿ ಟ್ರೋಫಿಯನ್ನು ತನ್ನಲ್ಲೇ ಇಟ್ಟುಕೊಂಡಿದ್ದ ಮುಂಬಯಿಯ ಕೋಟೆ ಬಿರಿದು, ‘ಕರ್ನಾಟಕ’ ಎಂಬ ಹೊಸ ಹೆಸರನ್ನು ತೊಟ್ಟು ಇನ್ನೂ ವರುಷವೂ ತುಂಬದಿದ್ದ ನಮ್ಮ ನಾಡು ಆ ಹೆಸರನ್ನು ಎದೆಯುಬ್ಬಿಸಿ ಉಚ್ಚರಿಸಿತು. ಕಾಲ್ಚೆಂಡಾಟದಲ್ಲಿಯೂ ಮೈಸೂರು ತಂಡ 1946-47ರಲ್ಲಿ ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿಯನ್ನು ಗೆದ್ದ ಹೆಮ್ಮೆ ನಮ್ಮದು. ಆದರೂ ಒಂದು ಅಂತರವಿದೆ. ನಮ್ಮ ಹೆಸರು ಹೊಸದಾದರೂ ನಾಡು ಹಳೆಯದು, ನುಡಿ ಹಳೆಯದು. ಆಟದ ಗೆಲುವು ಇಲ್ಲದಿದ್ದರೂ ನಾವು ಯಾರೆಂಬುದು ನಮಗೆ ಗೊತ್ತಿರುತ್ತಿತ್ತು. ಹನ್ನೆರಡು ವರುಷ ವಯಸ್ಸಿನ ಸಿಂಗಪುರಕ್ಕೆ ಹಾಗೆ ನೆಚ್ಚಿಕೊಳ್ಳಲು ಹಳೆಯದು ಹೆಚ್ಚೇನಿರಲಿಲ್ಲ; ತಾನು ಕಳಚಿಬಂದ ಮನೆಯ ರಾಜಧಾನಿಯಲ್ಲೇ ಆ ಮನೆಯ ಕಪ್ಪನ್ನು ಎತ್ತಿಹಿಡಿದ ಸಂಜೆ ಅದರ ಪಾಲಿಗೆ ಆಟಕ್ಕಿಂತ ದೊಡ್ಡದಾಗಿತ್ತು.

ಮರುವರುಷಗಳು ಮತ್ತೆ ಸೆಲಂಗೋರಿನವಾದುವು: 1978ರಲ್ಲಿ, 1979ರಲ್ಲಿ ಅಂತಿಮ ಪಂದ್ಯದಲ್ಲಿ ಸೋಲು. ಗಣೇಶನ್ ಕಂಗೆಡಲಿಲ್ಲ. ದೂರದೇಶದ ಹೆಸರಾಂತ ಗುರುವನ್ನು ಅರಸಿಹೋಗುವ ಬದಲು, ಸ್ಥಳೀಯನೇ ಆದ, ತರುಣ ಜಿತಾ ಸಿಂಗ್ ಅವರ ಕೈಗೆ ತಂಡವನ್ನು ಕೊಟ್ಟರು. 1980ರ ಮೇ ತಿಂಗಳಲ್ಲಿ ಮೆರ್ಡೆಕಾ ಬಯಲಿನಲ್ಲಿ, ಮೊಖ್ತಾರ್ ದಹಾರಿಯಂಥ ಮಹಾ ಆಟಗಾರನನ್ನು ಬೆಳೆಸಿದ ಸೆಲಂಗೋರಿನ ಎದುರು, ಇನ್ನೂ ಹದಿನೆಂಟು ತುಂಬದ ಫಾಂಡಿ ಅಹ್ಮದ್ ಎಂಬ ಮಲಯ ಹುಡುಗ ಗೆಲುವಿನ ಗೋಲು ಹೊಡೆದ; ಸಿಂಗಪುರ 2-1ರಿಂದ ಗೆದ್ದಿತು. ಮುಂದೆ ಈ ಹುಡುಗ ಹಾಲೆಂಡಿನ ಗ್ರೋನಿಂಗೆನ್ ತಂಡ ಸೇರಿ, 1983ರಲ್ಲಿ ಇಟಲಿಯ ಇಂಟರ್ ಮಿಲಾನ್ ವಿರುದ್ಧ ಗೋಲು ಗಳಿಸಿ, ಯುರೋಪಿನ ಪತ್ರಿಕೆಗಳಲ್ಲಿಯೂ ಹೆಸರಾದ. 1981ರಲ್ಲಿ ಮತ್ತೆ ಸೆಲಂಗೋರಿಗೆ 4-0ರ ಸೋಲು. ಅದಾದ ಸ್ವಲ್ಪ ಕಾಲಕ್ಕೆ ಗಣೇಶನ್ ಅವರ ಅಧ್ಯಕ್ಷತೆಯ ಕಾಲವೂ ಮುಗಿಯಿತು.

ಬಳಿಕದ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. 1994ರಲ್ಲಿ ಪಹಾಂಗ್ ತಂಡವನ್ನು 4-0ರಿಂದ ಮಣಿಸಿ ಸಿಂಗಪುರ ಇಪ್ಪತ್ತನಾಲ್ಕನೆಯ ಬಾರಿಗೆ ಕಪ್ ಗೆದ್ದಿತು. ಟಿಕೀಟಿನ ಹಣದ ಪಾಲಿನ ವಿವಾದದಲ್ಲಿ ಸಿಲುಕಿ ಆ ಪಂದ್ಯಾವಳಿಯಿಂದಲೇ ಹೊರಬಿದ್ದಿತು. 1996ರಲ್ಲಿ ತನ್ನದೇ ಲೀಗನ್ನು ಕಟ್ಟಿಕೊಂಡಿತು. ಆ ಲೀಗಿನ ಪಂದ್ಯಗಳಿಗೆ ಅಷ್ಟು ಜನ ಎಂದೂ ಬರಲಿಲ್ಲ. ನನ್ನ ತಿಳಿವಳಿಕೆಯಲ್ಲಿ ಇದಕ್ಕೆ ಕಾರಣ ಆಟಗಾರರ ಕೊರತೆಯಲ್ಲ. ಸೇತುವೆಯಾಚೆಗೊಬ್ಬ ಹಳೆಯ ದಾಯಾದಿ ಇದ್ದಾಗಲೇ ಇಡೀ ಊರು ಒಂದು ತಂಡವಾಗುತ್ತಿತ್ತು. ಊರಿನ ಬಡಾವಣೆ ಬಡಾವಣೆಗಳ ನಡುವಿನ ಆಟದಲ್ಲಿ ಆ ಕಾವು ಹುಟ್ಟುವುದು ಕಷ್ಟ. ಕಲಾಂಗಿನ ಹಳೆಯ ಕ್ರೀಡಾಂಗಣವನ್ನು 2007ರಲ್ಲಿ ಮುಚ್ಚಿ, ಮುಂದೆ ಕೆಡವಿ, ಅದೇ ನೆಲದಲ್ಲಿ ತೆರೆದು ಮುಚ್ಚುವ ಚಾವಣಿಯ ಹೊಸ ಕ್ರೀಡಾಂಗಣವನ್ನು 2014ರಲ್ಲಿ ತೆರೆದರು. ಅದರ ಆಸನಗಳೂ ಐವತ್ತೈದು ಸಾವಿರ. ಇಲ್ಲಿ ಗಣೇಶನ್ ಅವರ ಹೆಸರನ್ನು ಒಂದು ದ್ವಾರಕ್ಕಾದರೂ ಇಡುವುದು ಯೋಗ್ಯವೆಂದು ನಾನು ಮನಃಪೂರ್ವಕವಾಗಿ ನಂಬುತ್ತೇನೆ.

2012ರಲ್ಲಿ ಸಿಂಗಪುರದ ತಂಡವೊಂದು ‘ಲಯನ್ಸ್ ಟ್ವೆಲ್ವ್’ ಎಂಬ ಹೆಸರಿನಿಂದ ಮಲೇಷಿಯಾದ ಸ್ಪರ್ಧೆಗಳಿಗೆ ಮರಳಿತು. ಅಲ್ಲಿ ಅದಕ್ಕೆ ದೊರೆತ ಅವಕಾಶ ನಾಲ್ಕೇ ಋತುಗಳದು. 2015ರ ಕೊನೆಗೆ ಅದೂ ಮುಗಿಯಿತು. ಆದರೆ ಆ ವರುಷದ ಮೇ 23ರಂದು, ಗಣೇಶನ್ ತೀರಿಕೊಳ್ಳುವುದಕ್ಕೆ ಸುಮಾರು ಎರಡು ತಿಂಗಳು ಮುನ್ನ, ಈ ತಂಡ ಕ್ವಾಲಾಲಂಪುರದ ಬುಕಿತ್ ಜಲೀಲ್ ಕ್ರೀಡಾಂಗಣದಲ್ಲಿ ಕಿಕ್ಕಿರಿದಿದ್ದ ಕೆಲಂತಾನಿನ ಜನರ ನಡುವೆ ಕೆಲಂತಾನ್ ತಂಡವನ್ನು 3-1ರಿಂದ ಸೋಲಿಸಿ ಮಲೇಷಿಯಾದ ಎಫ್.ಎ. ಕಪ್ ಗೆದ್ದಿತು. ಬಯಲಿನ ಅಂಚಿನಲ್ಲಿ ನಿಂತು ಆ ತಂಡವನ್ನು ನಡೆಸಿದ ತರಬೇತುದಾರ ಫಾಂಡಿ ಅಹ್ಮದ್.