ಜೀವಕೋಶ
ಜೀವಿಗಳ ರಚನೆ ಮತ್ತು ಕಾರ್ಯದ ಮೂಲ ಘಟಕ. ಜೀವಶಾಸ್ತ್ರದ ಪಾಠ ಶುರುವಾಗುವುದೂ, ಗೊಂದಲವಾದಾಗ ಮರಳಿ ಬರಬೇಕಾದದ್ದೂ ಇಲ್ಲಿಗೇ.

1665ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಕಾರ್ಕ್‌ನ ತೆಳು ಸೀಳನ್ನು ಸೂಕ್ಷ್ಮದರ್ಶಕದಡಿ ಇಟ್ಟಾಗ ಜೇನುಗೂಡಿನಂಥ ಕೋಣೆಗಳು ಕಂಡವು. ಆತ ನೋಡಿದ್ದು ಸತ್ತ ಕೋಶಗಳ ಬರಿಯ ಗೋಡೆಗಳನ್ನು. ಜೀವಂತ ಏಕಕೋಶಿಗಳನ್ನು ಕಂಡವನು ಡಚ್ ಬಟ್ಟೆ ವ್ಯಾಪಾರಿ ಲೇವನ್‌ಹುಕ್. ಸಸ್ಯಗಳೆಲ್ಲ ಕೋಶಗಳಿಂದಾದವು ಎಂದು ಷ್ಲೈಡನ್ 1838ರಲ್ಲಿ, ಪ್ರಾಣಿಗಳೂ ಹಾಗೆಯೇ ಎಂದು ಷ್ವಾನ್ 1839ರಲ್ಲಿ ಸಾರಿದರು. ಆದರೆ ಹೊಸ ಕೋಶ ಹುಟ್ಟುವ ಬಗೆಯನ್ನು ಹೇಳುವಲ್ಲಿ ಇಬ್ಬರೂ ಎಡವಿದರು. ಕೋಶ ಒಡೆದೇ ಕೋಶವಾಗುತ್ತದೆ ಎಂದು ಗಮನಿಸಿ ತೋರಿದವನು ರಾಬರ್ಟ್ ರೆಮಾಕ್. 1855ರಲ್ಲಿ ಅದನ್ನು ಸೂತ್ರವಾಗಿಸಿದ ರುಡಾಲ್ಫ್ ವಿರ್ಕೋಗೇ ಕೀರ್ತಿಯೆಲ್ಲ ಸಂದದ್ದು ನ್ಯಾಯವಲ್ಲ.

ಕೋಶಗಳೆಲ್ಲ ಒಂದೇ ಬಗೆಯವಲ್ಲ. ಬ್ಯಾಕ್ಟೀರಿಯಾದಲ್ಲಿ ಡಿಎನ್‌ಎಯನ್ನು ಪೊರೆಯೊಳಗೆ ಹಿಡಿದಿಡುವ ಕೋಶಕೇಂದ್ರವಿಲ್ಲ. ಸಸ್ಯ, ಪ್ರಾಣಿ, ಶಿಲೀಂಧ್ರಗಳಲ್ಲಿದೆ.

ವಿನಾಯಿತಿಗಳೂ ಉಂಟು. ಮನುಷ್ಯನ ಬಲಿತ ಕೆಂಪು ರಕ್ತಕಣ ತನ್ನ ಕೋಶಕೇಂದ್ರವನ್ನು ಹೊರಹಾಕಿ ಸುಮಾರು 120 ದಿನ ಬಾಳುತ್ತದೆ. ಡಿಎನ್‌ಎ ಎಲ್ಲವೂ ಕೋಶಕೇಂದ್ರದಲ್ಲೇ ಇರುವುದಿಲ್ಲ: ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಕ್ಕೆ ತನ್ನದೇ ಡಿಎನ್‌ಎ ಇದೆ. ಅದು ಒಂದು ಕಾಲಕ್ಕೆ ಸ್ವತಂತ್ರ ಬ್ಯಾಕ್ಟೀರಿಯವಾಗಿತ್ತು ಎಂಬ ವಾದವನ್ನು 1967ರಲ್ಲಿ ಲಿನ್ ಮಾರ್ಗುಲಿಸ್ ಬಲವಾಗಿ ಮಂಡಿಸಿದರು. ಇಂದು ವಿಜ್ಞಾನಿಗಳು ಅದನ್ನು ಒಪ್ಪಿದ್ದಾರೆ.

ಈರುಳ್ಳಿಯ ಒಳಪೊರೆಯ ಚೂರು, ಒಂದು ಹನಿ ಅಯೋಡಿನ್, ಶಾಲೆಯ ಸೂಕ್ಷ್ಮದರ್ಶಕ ಇದ್ದರೆ ಕೋಶಕೇಂದ್ರ ಚುಕ್ಕೆಯಾಗಿ ಕಾಣುತ್ತದೆ. ವಿದ್ಯಾರ್ಥಿಗಳು ವ್ಯಾಖ್ಯೆ ಬಾಯಿಪಾಠ ಮಾಡುವ ಮುನ್ನ ಇದನ್ನೊಮ್ಮೆ ಕಣ್ಣಾರೆ ನೋಡಬೇಕು.